ತೋಟದ ಕಾಲು, ಪೇಟೆ ಕಾಲು

ಬೆಳಗ್ಗೆ ಐದೂವರೆಗೆ ಅಪ್ಪ ಜಗಲಿಯ ಮೇಲೆ ಓಡಾಡುವ ಸದ್ದಿಗೇ ನನಗೆ ಎಚ್ಚರವಾಗುವುದು. ಊರಿಗೆ ಹೋದಾಗ ಅಲಾರಂ ಇಡುವುದೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಆ ಸದ್ದು ಕೇಳುತ್ತಾ ಮಲಗಿರುತ್ತೇನೆ. ಬಲಗಾಲಿನದು ಸಣ್ಣ ಸದ್ದು, ಅದರ ಹಿಂದೆಯೇ ಅಂಗಾಲು ನೆಲಕ್ಕೆ ಉಜ್ಜಿ ಮೇಲೇಳುವ ಸರಕ್. ಎಡಗಾಲಿನದು ಒಂದೇ ಸದ್ದು, ದಬ್. ಆ ದಬ್ ಆದಮೇಲೆ ಬಲಗಾಲು ಸ್ವಲ್ಪ ಅವಸರದಲ್ಲಿ, ಸ್ವಲ್ಪ ಜೋರಾಗಿ ಬಂದು ಬೀಳುತ್ತದೆ. ಆ ಅವಸರ ಯಾಕೆ ಅಂತ ತಿಳಿದುಕೊಳ್ಳಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಅಪ್ಪನ ಎಡಗಾಲು ಮಂಡಿಯಿಂದ ಒಂದು ಗೇಣು ಕೆಳಗೆ ಮುಗಿಯುತ್ತದೆ. 2011ರ ಮಳೆಗಾಲ. ಗದ್ದೆಯಲ್ಲಿ ಟಿಲ್ಲರ್ ಹಿಂದಕ್ಕೆ ತೆಗೆಯುವಾಗ ಕಾಲು ಬ್ಲೇಡಿಗೆ ಸಿಕ್ಕಿಬಿಟ್ಟಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ಪಾದ ಉಳಿಸುವ ಸ್ಥಿತಿಯಲ್ಲಿ ಇರಲಿಲ್ಲ. ಮಂಡಿ ಉಳಿದದ್ದೇ ದೊಡ್ಡದು ಅಂತ ಡಾಕ್ಟರ್ ಹೇಳಿದರು. ಆಗ ಆ ಮಾತಿನ ಬೆಲೆ ಗೊತ್ತಾಗಲಿಲ್ಲ. ಮಂಡಿ ಹೋದವರು ನಡೆಯುವುದನ್ನು ನೋಡಿದ ಮೇಲೆ ಗೊತ್ತಾಯಿತು.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ಲಾರಿ, ಟೆಂಪೋಗಳ ಸಸ್ಪೆನ್ಷನ್ ವಿನ್ಯಾಸ ಮಾಡುವ ಕೆಲಸ. ದಿನವಿಡೀ ಸ್ಪ್ರಿಂಗು, ರಬ್ಬರ್ ಬುಷ್ಷು, ಡ್ಯಾಂಪರ್ ಇವುಗಳ ಜೊತೆಯೇ ಇರುವವಳು ನಾನು. ಆದರೂ ಅಪ್ಪನಿಗೆ ಮೊದಲ ಕೃತಕ ಕಾಲು ಬಂದಾಗ ನನಗೆ ಅನ್ನಿಸಿದ್ದು ಇಷ್ಟೇ: ಪಾದ ಅಂದರೆ ನಿಲ್ಲುವುದಕ್ಕೆ ಒಂದು ಆಧಾರ, ಹರಡು ಅಂದರೆ ಬಾಗಿಲಿನ ಹಾಗೆ ಒಂದು ತಿರುಗಣಿ. ಹರಡು ಅನ್ನುವ ಪದ ಈಗ ಪೇಟೆಯಲ್ಲಿ ಅಷ್ಟಾಗಿ ಕೇಳುವುದಿಲ್ಲ. ಪಾದದ ಗಂಟು ಅಂತಲೋ ಆ್ಯಂಕಲ್ ಅಂತಲೋ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹರಡು ಉಳುಕಿತು, ಹರಡಿಗೆ ಎಣ್ಣೆ ಹಚ್ಚು ಅಂತಲೇ ಮಾತು.

ಒಂದು ದಿನ ನನ್ನದೇ ಎಡ ಹರಡಿಗೆ ಎರಡೂ ಕಡೆ ದಪ್ಪ ರಟ್ಟು ಇಟ್ಟು, ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಂಡು ಅಂಗಳದಲ್ಲಿ ನಡೆದೆ. ಹತ್ತು ಸುತ್ತು ಹಾಕುವಷ್ಟರಲ್ಲಿ ಸೊಂಟದ ಎಡಗಡೆ ನೋವು ಶುರುವಾಯಿತು. ಕಟ್ಟಿದ್ದು ಹರಡನ್ನು, ನೋವು ಬಂದಿದ್ದು ಸೊಂಟಕ್ಕೆ! ಹರಡು ಮಾಡದ ಕೆಲಸವನ್ನು ಮೇಲಿನವರು ಯಾರಾದರೂ ಮಾಡಲೇಬೇಕಲ್ಲ. ಅವತ್ತಿನಿಂದ ನಾನು ಓದಲು ಕೂತೆ.

ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲಕ್ಕೆ ತಾಗುವವರೆಗೆ ನಡಿಗೆಯ ಒಂದು ಸುತ್ತು ಅಂತ ಲೆಕ್ಕ. ಆ ಸುತ್ತಿನ ಸುಮಾರು ಶೇ 60 ಹೊತ್ತು ಪಾದ ನೆಲದ ಮೇಲಿರುತ್ತದೆ, ಶೇ 40 ಹೊತ್ತು ಗಾಳಿಯಲ್ಲಿರುತ್ತದೆ. ಕ್ಯಾಲಿಫೋರ್ನಿಯಾದ ಮೂಳೆ ವೈದ್ಯೆ ಜಾಕ್ವೆಲಿನ್ ಪೆರ್ರಿ, ಪಾದ ನೆಲದ ಮೇಲಿರುವ ಹೊತ್ತಿನಲ್ಲಿ ಮೂರು ಉರುಳಾಟ ಇದೆ ಅಂತ ತೋರಿಸಿಕೊಟ್ಟರು. ನನಗೆ ಹರಡು ಅರ್ಥವಾಗಿದ್ದು ಈ ಮೂರು ಉರುಳಾಟದಿಂದಲೇ.

ಮೊದಲನೆಯದು ಹಿಮ್ಮಡಿಯ ಮೇಲೆ. ಹಿಮ್ಮಡಿ ತಾಗಿದ ಕೂಡಲೇ ಪಾದ ದಬಕ್ಕನೆ ನೆಲಕ್ಕೆ ಬಡಿಯಬೇಕು. ಬಡಿಯುವುದಿಲ್ಲ. ಕಣಕಾಲಿನ (ಮಂಡಿಯಿಂದ ಹರಡಿನವರೆಗಿನ ಭಾಗದ) ಮುಂಭಾಗದ ಸ್ನಾಯು, ಬಾವಿಗೆ ಕೊಡಪಾನ ಇಳಿಸುವಾಗ ಹಗ್ಗ ಸಡಿಲ ಬಿಡುತ್ತಾ ಹೋಗುತ್ತೇವಲ್ಲ, ಹಾಗೆ ಪಾದವನ್ನು ಮೆಲ್ಲಗೆ ಇಳಿಸುತ್ತದೆ. ಎರಡನೆಯದು ಹರಡಿನ ಮೇಲೆ. ಅಂಗಾಲು ಪೂರ್ತಿ ನೆಲಕ್ಕೆ ಕೂತಿದೆ, ಈಗ ಇಡೀ ಮೈ ಆ ಕಾಲಿನ ಮೇಲಿಂದ ಮುಂದಕ್ಕೆ ಸಾಗಬೇಕು. ಕಣಕಾಲು ಮುಂದಕ್ಕೆ ವಾಲುತ್ತದೆ. ಹಿಂದಿನಿಂದ ಮೀನಖಂಡ ಅದನ್ನು ಮೂಗುದಾರ ಹಿಡಿದ ಹಾಗೆ ಹಿಡಿದಿರುತ್ತದೆ, ಪೂರ್ತಿ ಬಿಡುವುದಿಲ್ಲ, ಪೂರ್ತಿ ತಡೆಯುವುದೂ ಇಲ್ಲ. ಮೂರನೆಯದು ಬೆರಳುಗಳ ಬುಡದ ಮೇಲೆ. ಹಿಮ್ಮಡಿ ನೆಲ ಬಿಡುತ್ತದೆ, ಪಾದದ ಮುಂಭಾಗ ನೆಲವನ್ನು ಹಿಂದಕ್ಕೆ ಒದೆಯುತ್ತದೆ. ಇಷ್ಟೆಲ್ಲಾ ನಡೆಯುವಾಗ ಹರಡು ತಿರುಗುವುದು ಒಟ್ಟು ಸುಮಾರು 30 ಡಿಗ್ರಿ ಮಾತ್ರ.

ಮೀನಖಂಡ ಹಿಡಿದಿರುತ್ತದೆ ಅಂದೆನಲ್ಲ, ಅದರಲ್ಲೊಂದು ಸೊಗಸಿದೆ. 2001ರಲ್ಲಿ ಜಪಾನಿನ ಫುಕುನಾಗ ಮತ್ತು ಸಂಗಡಿಗರು, ನಡೆಯುತ್ತಿರುವವರ ಮೀನಖಂಡವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರು. ಆ ಎರಡನೇ ಉರುಳಾಟದ ಹೊತ್ತಿನಲ್ಲಿ ಸ್ನಾಯುವಿನ ಎಳೆಗಳು ಹೆಚ್ಚು ಕಡಿಮೆ ಇದ್ದ ಉದ್ದದಲ್ಲೇ ಇದ್ದವು. ಹಿಗ್ಗುತ್ತಿದ್ದದ್ದು ಹಿಮ್ಮಡಿಯ ಮೇಲಿನ ಆ ದಪ್ಪ ಹುರಿ, ಅಕಿಲಿಸ್ ಟೆಂಡನ್. ಸ್ನಾಯು ಒಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೈಯ ಭಾರ ಇನ್ನೊಂದು ತುದಿಯನ್ನು ಎಳೆಯುತ್ತದೆ, ಹುರಿ ಹಿಗ್ಗಿ ಶಕ್ತಿ ತುಂಬಿಕೊಳ್ಳುತ್ತದೆ. ಹಿಮ್ಮಡಿ ಎದ್ದಾಗ ಆ ಶಕ್ತಿಯೆಲ್ಲಾ ಒಂದೇ ಸಲ ಹೊರಗೆ ಬರುತ್ತದೆ. ಕವಣೆಯ ರಬ್ಬರ್ ಎಳೆದು ಬಿಟ್ಟ ಹಾಗೆ. 70 ಕೆಜಿ ತೂಕದವರು ಸಾಧಾರಣ ವೇಗದಲ್ಲಿ ನಡೆಯುವಾಗ ಆ ಒಂದು ಕ್ಷಣ ಹರಡಿನಲ್ಲಿ 200 ವ್ಯಾಟಿನ ಆಸುಪಾಸು ಶಕ್ತಿ ಹೊಮ್ಮುತ್ತದೆ. ಮಂಡಿಯಲ್ಲಾಗಲಿ ಸೊಂಟದಲ್ಲಾಗಲಿ ಅಷ್ಟು ಬರುವುದಿಲ್ಲ. ನಡಿಗೆಯ ಇಂಜಿನ್ ತೊಡೆಯಲ್ಲಿದೆ ಅಂದುಕೊಂಡಿದ್ದೆ. ಅದು ಇರುವುದು ಇಲ್ಲಿ, ಕೆಳಗೆ.

ಒದೆಯುವುದು ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ಇನ್ನೂ ಮುಖ್ಯ. ಪ್ರತಿ ಹೆಜ್ಜೆಯಲ್ಲೂ ನಮ್ಮ ಮೈ ಮುಂದಿನ ಕಾಲಿನ ಮೇಲೆ ಬಂದು ಬೀಳುತ್ತದೆ. ಆ ಬೀಳುವಿಕೆಯಲ್ಲಿ ಒಂದಷ್ಟು ವೇಗ ನಷ್ಟವಾಗುತ್ತದೆ. ಹಿಂದಿನ ಪಾದ, ಮುಂದಿನ ಹಿಮ್ಮಡಿ ತಾಗುವುದಕ್ಕೆ ಸ್ವಲ್ಪ ಮುಂಚೆ ಒದ್ದರೆ ಆ ಪೆಟ್ಟೇ ಸಣ್ಣದಾಗುತ್ತದೆ. ಎತ್ತಿನ ಗಾಡಿಯ ಗಾಲಿ ಗುಂಡಿಗೆ ಇಳಿದ ಮೇಲೆ ನೂಕುವುದಕ್ಕೂ, ಇಳಿಯುವ ಮೊದಲೇ ಒಂದು ನೂಕು ಕೊಟ್ಟು ದಾಟಿಸುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ? ಆರ್ಥರ್ ಕುವೋ ಅನ್ನುವ ವಿಜ್ಞಾನಿ 2002ರಲ್ಲಿ ಒಂದು ಸರಳ ಮಾದರಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಸರಿಯಾದ ಹೊತ್ತಿಗೆ ಹಿಂದಿನ ಪಾದದಿಂದ ಒದ್ದು ನಡೆದರೆ, ಅದೇ ನಡಿಗೆಯನ್ನು ಸೊಂಟದಿಂದ ಎಳೆದುಕೊಂಡು ನಡೆಯುವುದರ ಕಾಲು ಭಾಗ ಶಕ್ತಿ ಸಾಕು. ನನ್ನ ಸೊಂಟ ಯಾಕೆ ನೋಯಿತು ಅನ್ನುವುದಕ್ಕೆ ಉತ್ತರ ಅಲ್ಲಿತ್ತು.

ಇನ್ನೊಂದು ಸಂಗತಿಯೂ ನನಗೆ ತುಂಬಾ ಹಿಡಿಸಿತು. ಮಂಡಿಯಿಂದ ಕೆಳಗೆ ನಡೆಯುವ ಈ ಮೂರೂ ಉರುಳಾಟವನ್ನು ಒಟ್ಟು ಸೇರಿಸಿ ಚಿತ್ರ ಬರೆದರೆ ಅದು ಒಂದು ಗಾಲಿಯ ತುಂಡಿನ ಹಾಗೆ ಕಾಣುತ್ತದೆ. ಆ ಗಾಲಿಯ ತ್ರಿಜ್ಯ ಕಾಲಿನ ಉದ್ದದ ಸುಮಾರು ಶೇ 30. ಅಂದರೆ ಹತ್ತಿರ ಹತ್ತಿರ ಬೈಕಿನ ಗಾಲಿಯಷ್ಟು. ನಾವು ಪ್ರತಿ ಹೆಜ್ಜೆಗೂ ಆ ಗಾಲಿಯ ಒಂದು ತುಂಡನ್ನು ನೆಲಕ್ಕೆ ಹಾಸಿ, ಉರುಳಿ, ಎತ್ತಿ, ಮತ್ತೆ ಮುಂದೆ ಹಾಸುತ್ತೇವೆ.

ಇಷ್ಟು ಮುಂದೆ ಹಿಂದೆ ಆಡುವ ಕೀಲಿನ ಕಥೆ. ಅದರ ಕೆಳಗೆ ಓರೆಯಾಗಿ ಕೂತಿರುವ ಇನ್ನೊಂದು ಕೀಲು ಇದೆ. ಅಂಗಾಲು ಒಳಕ್ಕೆ, ಹೊರಕ್ಕೆ ವಾಲುವುದು ಅದರಿಂದ. ಸಿಮೆಂಟ್ ನೆಲದ ಮೇಲೆ ಅದರ ನೆನಪೇ ಆಗುವುದಿಲ್ಲ. ನಮ್ಮ ತೋಟದಲ್ಲಿ ಕಾಲುವೆಯ ಅಂಚಿನ ಮೇಲೆ ಹತ್ತು ಹೆಜ್ಜೆ ನಡೆದರೆ ಸಾಕು, ಬೇರೆ ಕೀಲು ಯಾವುದೂ ನೆನಪಿಗೆ ಬರುವುದಿಲ್ಲ.

ಅಪ್ಪನ ಮೊದಲ ಕಾಲು ಜೈಪುರ ಕಾಲು. 2012ರಲ್ಲಿ ಒಂದು ಶಿಬಿರದಲ್ಲಿ ಅಳತೆ ತೆಗೆದು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದು ನೋಡಿದ್ದು ಇನ್ನೂ ನೆನಪಿದೆ. ಕಂದು ಬಣ್ಣದ ರಬ್ಬರಿನ ಪಾದ, ಐದು ಬೆರಳು, ಉಗುರಿನ ಗೆರೆ ಕೂಡ ಇತ್ತು. ಹೊಸ ಟೈರಿನ ವಾಸನೆ. ಬೆರಳುಗಳನ್ನು ಹಿಡಿದು ಮೇಲಕ್ಕೆ ಬಗ್ಗಿಸಿದರೆ ಪಾದವೇ ಬಾಗುತ್ತಿತ್ತು. ಹಿಮ್ಮಡಿಯನ್ನು ಹಿಡಿದು ತಿರುಚಿದರೆ ಅತ್ತ ಇತ್ತ ವಾಲುತ್ತಿತ್ತು. ತಿರುಗಣಿ ಎಲ್ಲೂ ಇಲ್ಲ. ಆಮೇಲೆ ಅದು ಹರಿದು ಹಾಳಾದಾಗ ನಾನೇ ಕತ್ತರಿಸಿ ನೋಡಿದೆ. ಹರಡಿನ ಜಾಗದಲ್ಲಿ ಮರದ ತುಂಡು, ಅದರೊಳಗೆ ಬೋಲ್ಟ್. ಹಿಮ್ಮಡಿಯಲ್ಲೂ ಮುಂಭಾಗದಲ್ಲೂ ಸ್ಪಂಜಿನಂಥ ಮೆತ್ತನೆ ರಬ್ಬರು. ಅದರ ಸುತ್ತ ಟೈರಿನೊಳಗೆ ಇರುವಂಥ ದಾರದ ಪದರ. ಎಲ್ಲದರ ಮೇಲೆ ಗಟ್ಟಿ ರಬ್ಬರಿನ ಚರ್ಮ. ಇಷ್ಟನ್ನೂ ಅಚ್ಚಿನಲ್ಲಿಟ್ಟು, ಟೈರ್ ರೀಸೋಲಿಂಗ್ ಮಾಡುವ ಹಾಗೆ ಬಿಸಿ ಕೊಟ್ಟು ಒಂದು ಮಾಡುತ್ತಾರೆ.

ಅದನ್ನು ಮಾಡಿದವರ ಕಥೆ ಓದಿದಾಗ ಕಣ್ಣು ತುಂಬಿ ಬಂದಿತ್ತು. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಪಿ.ಕೆ. ಸೇಠಿ ಮೂಳೆ ವೈದ್ಯರು. ರಾಮಚಂದ್ರ ಶರ್ಮ ಅಲ್ಲಿದ್ದ ಕುಶಲಕರ್ಮಿ, ಎಲ್ಲರ ಬಾಯಲ್ಲಿ ಮಾಸ್ಟರ್‌ಜಿ. ಆಗ ಸಿಗುತ್ತಿದ್ದದ್ದು ಹೊರದೇಶದ ಮಾದರಿಯ ಪಾದ. ಒಳಗೆ ಮರದ ಗಟ್ಟಿ ಪಟ್ಟಿ, ಹಿಮ್ಮಡಿಯಲ್ಲಿ ಮಾತ್ರ ಮೆತ್ತನೆ ರಬ್ಬರು, ಮೇಲೆ ಬೂಟು ಹಾಕಲೇಬೇಕು. ಅದನ್ನು ಹಾಕಿಕೊಂಡು ಹಳ್ಳಿಗೆ ಹೋದವರು ಕೆಲವೇ ದಿನಕ್ಕೆ ಮೂಲೆಗಿಟ್ಟು ಊರುಗೋಲು ಹಿಡಿಯುತ್ತಿದ್ದರು. ಗದ್ದೆಯ ನೀರಿಗೆ ಬೂಟು ಹಾಕಿಕೊಂಡು ಇಳಿಯುವುದು ಹೇಗೆ? ಕುಕ್ಕರಗಾಲಲ್ಲಿ ಕೂರುವುದು ಹೇಗೆ? ದೇವರ ಮನೆಗೆ ಹೋಗುವುದು ಹೇಗೆ? ಸೇಠಿ ಮತ್ತು ಶರ್ಮ ಈ ಪ್ರಶ್ನೆಗಳಿಂದಲೇ ಹೊರಟರು. ಬರಿಗಾಲಲ್ಲಿ ನಡೆಯಬೇಕು, ನೀರಿಗೆ ಹೆದರಬಾರದು, ಕುಕ್ಕರಗಾಲಲ್ಲಿ ಕೂರುವಷ್ಟು ಬಾಗಬೇಕು, ಉಬ್ಬು ತಗ್ಗಿನ ನೆಲಕ್ಕೆ ಒಗ್ಗಬೇಕು. 1968ರಲ್ಲಿ ಆ ಪಾದ ಬಂತು. 1975ರಲ್ಲಿ ಡಿ.ಆರ್. ಮೆಹ್ತಾ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಊರೂರಿಗೆ ತಲುಪಿಸಿತು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅದೇ ವರ್ಷ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್, 1984ರಲ್ಲಿ ಜೈಪುರ ಕಾಲಿನಲ್ಲೇ ಮತ್ತೆ ವೇದಿಕೆಗೆ ಬಂದರು. ಬರಿಗಾಲಲ್ಲಿ ನೆಲ ತಟ್ಟುವ ನೃತ್ಯಕ್ಕೆ ಬೂಟಿನ ಕಾಲು ಆಗುತ್ತಿರಲಿಲ್ಲ.

ಅಪ್ಪ ಆ ಕಾಲಿನಲ್ಲಿ ಎರಡೇ ತಿಂಗಳಿಗೆ ತೋಟಕ್ಕೆ ಇಳಿದರು. ಸಂಜೆ ಬಂದವರು ಬಚ್ಚಲ ಹತ್ತಿರ ನಿಂತು ಎರಡೂ ಪಾದಕ್ಕೆ ಚೊಂಬಿನಿಂದ ನೀರು ಹಾಕಿಕೊಳ್ಳುವುದನ್ನು ನೋಡಬೇಕು. ರಬ್ಬರಿನ ಬೆರಳುಗಳ ಸಂದಿಯ ಮಣ್ಣನ್ನೂ ಬಲಗಾಲಿನಿಂದ ಉಜ್ಜಿ ತೆಗೆಯುತ್ತಾರೆ, ಅಷ್ಟೇ ಅಭ್ಯಾಸದಲ್ಲಿ.

ಆದರೆ ಬಲ ಮಂಡಿಗೆ ನೋವು ಶುರುವಾಯಿತು. ಪೇಟೆಗೆ ಹೋಗಿ ಬಂದ ದಿನ ವಿಪರೀತ ಸುಸ್ತು. ನಾನು ಫೋನಿನ ಸ್ಲೋ ಮೋಷನ್‌ನಲ್ಲಿ ಅವರ ನಡಿಗೆ ಚಿತ್ರ ಮಾಡಿಕೊಂಡೆ. ಕಾರಣ ಅಲ್ಲೇ ಕಾಣುತ್ತಿತ್ತು. ಮೈ ಎಡಪಾದವನ್ನು ದಾಟಿ ಮುಂದೆ ಬಂದಾಗ, ಮುಂಭಾಗದ ಆ ಮೆತ್ತನೆ ರಬ್ಬರು ಸುಮ್ನೆ ಬಾಗಿಬಿಡುತ್ತದೆ. ಒಳಗೆ ಗಟ್ಟಿ ಪಟ್ಟಿ ಇಲ್ಲವಲ್ಲ. ಮೂಗುದಾರ ಹಿಡಿಯುವವರು ಇಲ್ಲ. ಮೂರನೇ ಉರುಳಾಟ ಅರ್ಧಕ್ಕೇ ಮುಗಿಯುತ್ತದೆ, ಗಾಲಿಯ ಮುಂದಿನ ತುಂಡು ಮುರಿದ ಹಾಗೆ. ಒದೆತವೂ ಇಲ್ಲ. ಮೈ ನೇರ ಬಲಗಾಲಿನ ಮೇಲೆ ಬೀಳುತ್ತದೆ. ಅದೇ ನಾನು ಬೆಳಗ್ಗೆ ಕೇಳುವ ಅವಸರ. ಸದ್ದನ್ನು ರೆಕಾರ್ಡ್ ಮಾಡಿ ಅಳೆದೆ. ಬಲಗಾಲಿನಿಂದ ಎಡಗಾಲಿಗೆ 0.63 ಸೆಕೆಂಡು, ಎಡಗಾಲಿನಿಂದ ಬಲಗಾಲಿಗೆ 0.55. ದಿನಕ್ಕೆ ಸಾವಿರಾರು ಸಲ ಆ ಪೆಟ್ಟು ಬಲ ಮಂಡಿಯ ಮೇಲೆ. ಒಂದು ಕಾಲು ಕಳೆದುಕೊಂಡವರಲ್ಲಿ ಉಳಿದ ಕಾಲಿನ ಮಂಡಿ ಸವೆತ ಜಾಸ್ತಿ ಕಾಣುವುದು ಇದಕ್ಕೇ. ಮಂಡಿ ಕೆಳಗೆ ಕಾಲು ಕಳೆದುಕೊಂಡವರಿಗೆ ಸಾದಾ ಪಾದದಲ್ಲಿ ನಡೆಯಲು ಶೇ 10ರಿಂದ 30ರಷ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ ಅಂತ ಓದಿದಾಗ ಅಪ್ಪನ ಸುಸ್ತಿನ ಲೆಕ್ಕವೂ ಸಿಕ್ಕಿತು.

ಇಲ್ಲಿಗೆ ಬಂದಾಗ ನನಗೆ ಹರಡಿನ ದೊಡ್ಡತನ ಏನು ಅಂತ ಹೊಳೆಯಿತು. ಅದು ಒಂದಕ್ಕೊಂದು ಎದುರಾದ ಎರಡು ಕೆಲಸವನ್ನು ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಮೊದಲರ್ಧದಲ್ಲಿ ನೆಲ ಹೇಗಿದೆಯೋ ಹಾಗೆ ಬಗ್ಗುತ್ತದೆ. ಮುಂದಿನರ್ಧದಲ್ಲಿ ಮರದ ಹಾಗೆ ಗಟ್ಟಿಯಾಗಿ ನಿಂತು ಒದೆಯುತ್ತದೆ. ಮೆತ್ತಗೆ ಇರಬೇಕು, ಗಟ್ಟಿಯೂ ಇರಬೇಕು. ಯಾವಾಗ ಯಾವುದು ಅಂತ ಅದಕ್ಕೇ ಗೊತ್ತು. ಸ್ಪ್ರಿಂಗ್ ಮಾಡುವ ನಮಗೆ ಇಂಥದ್ದೊಂದು ಬೇಕು ಅಂದರೆ ಬೆವರು ಬರುತ್ತದೆ. ಒಂದು ವಸ್ತುವನ್ನು ಮೆತ್ತಗೆ ಮಾಡಬಹುದು ಅಥವಾ ಗಟ್ಟಿ ಮಾಡಬಹುದು. ಆದ್ದರಿಂದ ಕೃತಕ ಪಾದ ಮಾಡುವವರೆಲ್ಲರೂ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡಲೇಬೇಕು. ಜೈಪುರದವರು ಬಗ್ಗುವುದನ್ನು ಉಳಿಸಿಕೊಂಡರು, ಒದೆಯುವುದನ್ನು ಬಿಟ್ಟರು.

ಒದೆಯುವುದನ್ನು ಆರಿಸಿಕೊಂಡವರು ಅಮೆರಿಕದ ವ್ಯಾನ್ ಫಿಲಿಪ್ಸ್. 1976ರಲ್ಲಿ, 21ನೇ ವಯಸ್ಸಿಗೆ, ನೀರಿನ ಮೇಲೆ ಸ್ಕೀಯಿಂಗ್ ಮಾಡುವಾಗ ದೋಣಿ ಬಡಿದು ಒಂದು ಪಾದ ಹೋಯಿತು. ಕೊಟ್ಟ ಪಾದದಲ್ಲಿ ಓಡಲು ಆಗಲಿಲ್ಲ. ತಾವೇ ಕಾರ್ಬನ್ ಫೈಬರ್ ಹಿಡಿದುಕೊಂಡು ಕೂತರು, ಮಾಡಿದ ಪಾದಗಳನ್ನು ಮುರಿಯುತ್ತಾ ಮತ್ತೆ ಮಾಡುತ್ತಾ ಹೋದರು. 1984ರಲ್ಲಿ ಫ್ಲೆಕ್ಸ್ ಫುಟ್ ಕಂಪನಿ ಶುರುವಾಯಿತು. ಈಗ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡುವವರ ಕಾಲಿಗೆ ಕುಡುಗೋಲಿನಂತೆ ಬಾಗಿದ ಪಟ್ಟಿ ಕಾಣುತ್ತದಲ್ಲ, ಅದು ಆ ದಾರಿಯಲ್ಲೇ ಬಂದದ್ದು. ನಡೆಯುವವರ ಪಾದದಲ್ಲೂ ತತ್ವ ಅದೇ. ಹಿಮ್ಮಡಿಯಿಂದ ಬೆರಳಿನವರೆಗೆ ತೆಳು ಕಾರ್ಬನ್ ಪಟ್ಟಿ, ಮೇಲೆ ಪಾದದ ಆಕಾರದ ಕವಚ. ಭಾರ ಬಿದ್ದಾಗ ಬಾಗುತ್ತದೆ, ಭಾರ ಇಳಿದಾಗ ತುಂಬಿಕೊಂಡ ಶಕ್ತಿಯಲ್ಲಿ ಬಹುಪಾಲನ್ನು ವಾಪಸ್ ಕೊಡುತ್ತದೆ. ಲಾರಿಯ ಲೀಫ್ ಸ್ಪ್ರಿಂಗಿನ ತಂಗಿ. ನನಗೆ ನೋಡಿದ ತಕ್ಷಣ ಪ್ರೀತಿ ಹುಟ್ಟಿತು.

2019ರಲ್ಲಿ ಉಳಿತಾಯದ ಹಣ ಹಾಕಿ ಅಪ್ಪನಿಗೆ ಅಂಥದ್ದೊಂದು ಕೊಡಿಸಿದೆ. ಒಂದೂವರೆ ಲಕ್ಷ ದಾಟಿತು. ಬೆಂಗಳೂರಿನಲ್ಲೇ ಸಾಕೆಟ್ (ಉಳಿದ ಕಾಲು ಕೂರುವ ಬಟ್ಟಲು) ಮಾಡಿಸಿ, ಜೋಡಿಸಿ, ಎರಡು ವಾರ ನಮ್ಮ ಮನೆಯಲ್ಲಿ ಇಟ್ಟುಕೊಂಡೆ. ಲಾಲ್‌ಬಾಗಿಗೆ ಕರೆದುಕೊಂಡು ಹೋದ ದಿನವನ್ನು ಮರೆಯಲಾರೆ. ಅಪ್ಪ ಗೇಟಿನಿಂದ ಕೆರೆಯವರೆಗೆ ಎಲ್ಲೂ ನಿಲ್ಲದೆ ನಡೆದರು. ನಾನು ಒಂದು ಹೆಜ್ಜೆ ಹಿಂದೆ ಉಳಿದು ಸದ್ದು ಕೇಳುತ್ತಿದ್ದೆ. ಎಡಗಾಲಿನಿಂದ ಎರಡು ಸದ್ದು ಬರುತ್ತಿತ್ತು! ಅಳೆದಾಗ 0.60, 0.58. ಕೆರೆ ಏರಿಯ ಮೇಲೆ ನಿಂತು ಅಪ್ಪ, “ಹಿಂದಿನಿಂದ ಯಾರೋ ಸ್ವಲ್ಪ ನೂಕಿದ ಹಾಗೆ ಆಗ್ತದೆ ಮಾರಾಯ್ತಿ” ಅಂದರು. ನನಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಊರಿಗೆ ಹೋದ ಮೂರನೇ ದಿನ ಅಮ್ಮ ಫೋನ್ ಮಾಡಿ, ಅಪ್ಪ ಹಳೇ ಕಾಲನ್ನೇ ಹಾಕಿಕೊಂಡಿದ್ದಾರೆ ಅಂದರು. ಬೇಜಾರಾಯಿತು. ಆ ಶನಿವಾರವೇ ಹೋದೆ. ಅಪ್ಪ ಒಂದೊಂದಾಗಿ ಹೇಳಿದರು. ಮನೆಯೊಳಗೆ ನಡೆದರೆ ದಿನವಿಡೀ ಗುಡ್ಡ ಹತ್ತಿದ ಹಾಗೆ ಆಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಹಿಂದಕ್ಕೆ ಬೀಳುವ ಹಾಗಾಗುತ್ತದೆ. ಮಣೆ ಮೇಲೆ ಊಟಕ್ಕೆ ಕೂರಲು ಆಗುವುದಿಲ್ಲ. ಕವಚದೊಳಗೆ ಕೆಸರು ನುಗ್ಗಿ ಕಿರ್ ಕಿರ್ ಅನ್ನುತ್ತದೆ. ಹಳ್ಳ ದಾಟುವ ಸಂಕದ (ಮರದ ಕಾಲುಸೇತುವೆಯ) ಮೇಲೆ ಕಾಲಿಟ್ಟರೆ ಪಾದ ವಾಲುವುದೇ ಇಲ್ಲ, ದುಂಡು ಮರದ ಮೇಲೆ ಹಲಗೆ ಇಟ್ಟ ಹಾಗೆ. “ಇದು ಒಳ್ಳೇ ಕಾಲು. ಪೇಟೆಗೆ ಬಹಳ ಒಳ್ಳೇದು. ತೋಟಕ್ಕೆ ಅಲ್ಲ, ಅಷ್ಟೇ” ಅಂದರು. ಅವತ್ತಿನಿಂದಲೇ ಎರಡಕ್ಕೂ ಹೆಸರು ಬಿತ್ತು.

ಗುಡ್ಡ ಹತ್ತಿದ ಹಾಗೆ ಆಗುವುದು ಯಾಕೆ ಅಂತ ನನಗೆ ಮೊದಲು ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಹಾಗೆ ಆಗಿರಲಿಲ್ಲ. ಆಮೇಲೆ ಬಾಗಿಲ ಹೊರಗೆ ಬಿಟ್ಟಿದ್ದ ಅವರ ಶೂ ನೋಡಿದೆ. ಆ ಪಾದವನ್ನು ಮಾಡಿದ್ದೇ ಶೂ ಹಾಕುವವರಿಗೆ. ಶೂಗಳ ಹಿಮ್ಮಡಿ ಮುಂಭಾಗಕ್ಕಿಂತ ಸುಮಾರು 10 ಮಿಲಿಮೀಟರ್ ಎತ್ತರ ಇರುತ್ತದೆ ಅಂತ ಲೆಕ್ಕ ಹಿಡಿದು, ಆ ಓರೆಯಲ್ಲಿ ಕಣಕಾಲು ನೆಟ್ಟಗೆ ನಿಲ್ಲುವ ಹಾಗೆ ಜೋಡಿಸಿರುತ್ತಾರೆ. ಶೂ ಬಿಚ್ಚಿದರೆ ಆ 10 ಮಿಲಿಮೀಟರ್ ಇಲ್ಲ. ಕಣಕಾಲು ಹಿಂದಕ್ಕೆ ವಾಲುತ್ತದೆ, ಮಂಡಿಯನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮ ನಿಜವಾದ ಹರಡು ಇಷ್ಟು ಸಣ್ಣ ವ್ಯತ್ಯಾಸವನ್ನು ನಮಗೆ ಗೊತ್ತೇ ಆಗದ ಹಾಗೆ ಸರಿ ಮಾಡಿಕೊಳ್ಳುತ್ತದೆ. ಅಲುಗಾಡದ ಹರಡು ಏನು ಮಾಡಬೇಕು? ಮನೆಯೊಳಗೆ ಚಪ್ಪಲಿ ಹಾಕದ ನಮ್ಮಂಥವರಿಗೆ ಇದೊಂದು ದೊಡ್ಡ ಮಾತು. ಅಂಗಡಿಯವರು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅಪ್ಪನ ತೂಕ ಕೇಳಿದರು, ಎತ್ತರ ಕೇಳಿದರು, ದಿನಕ್ಕೆ ಎಷ್ಟು ದೂರ ನಡೆಯುತ್ತೀರಿ ಅಂತ ಕೇಳಿದರು. ಎಲ್ಲಿ ನಡೆಯುತ್ತೀರಿ ಅಂತ ಯಾರೂ ಕೇಳಲಿಲ್ಲ.

ಪರಿಹಾರ ಅಪ್ಪನೇ ಕಂಡುಕೊಂಡರು. ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಕತ್ತರಿಸಿ, ಉಜ್ಜಿ ಓರೆ ಮಾಡಿ, ಪಾದದ ಅಡಿಗೆ ಇಟ್ಟು ಮೇಲಿಂದ ಕಾಲುಚೀಲ ಎಳೆದರು. ಮನೆಯೊಳಗಿನ ಗುಡ್ಡ ಅಲ್ಲಿಗೆ ಮುಗಿಯಿತು.

ಮೋಟಾರ್ ಇರುವ ಹರಡುಗಳೂ ಇವೆ. ಅವುಗಳ ಹಿಂದೆ ಇರುವ ಹೆಸರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹ್ಯೂ ಹರ್. 1982ರ ಜನವರಿಯಲ್ಲಿ, ಇನ್ನೂ 17 ವರ್ಷದ ಹುಡುಗ, ಅಮೆರಿಕದ ಮೌಂಟ್ ವಾಷಿಂಗ್ಟನ್‌ನಲ್ಲಿ ಹಿಮಪಾತಕ್ಕೆ ಸಿಕ್ಕಿದರು. ಹಿಮ ಕಡಿದು ಎರಡೂ ಕಾಲು ಮಂಡಿ ಕೆಳಗೆ ತೆಗೆಯಬೇಕಾಯಿತು. ತಮಗಾಗಿ ಕಾಲು ಮಾಡಿಕೊಳ್ಳುತ್ತಾ ಮಾಡಿಕೊಳ್ಳುತ್ತಾ ಅದೇ ಅವರ ಜೀವನದ ಕೆಲಸವಾಯಿತು. ಅವರ ತಂಡದ ಹರಡಿನಲ್ಲಿ ಮೋಟಾರೂ ಇದೆ, ಅದರ ಜೊತೆಗೆ ಸ್ಪ್ರಿಂಗೂ ಇದೆ. ಮೀನಖಂಡ ಮತ್ತು ಹುರಿಯ ಹಾಗೆ. ನಿಧಾನ ನಡಿಗೆಯಲ್ಲಿ ನಮ್ಮ ಹರಡು ಹೆಚ್ಚು ಕಡಿಮೆ ಒಂದು ಸ್ಪ್ರಿಂಗಿನ ಹಾಗೇ ಇರುತ್ತದೆ, ತುಂಬಿಕೊಂಡಷ್ಟನ್ನು ವಾಪಸ್ ಕೊಟ್ಟರೆ ಸಾಕು. ವೇಗ ಹೆಚ್ಚಾದ ಹಾಗೆ ತುಂಬಿಕೊಂಡದ್ದಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ. ಆ ಜಾಸ್ತಿಯನ್ನು ಯಾವ ಕಾರ್ಬನ್ ಪಟ್ಟಿಯೂ ಕೊಡಲಾರದು, ಮೋಟಾರೇ ಬೇಕು. ಹರ್ ಮತ್ತು ಅಲೀನಾ ಗ್ರಬೌಸ್ಕಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಹರಡು ಹಾಕಿಕೊಂಡವರಿಗೆ ನಡೆಯಲು ಬೇಕಾದ ಶಕ್ತಿ ತಮ್ಮ ಹಳೇ ಸ್ಪ್ರಿಂಗ್ ಪಾದಕ್ಕೆ ಹೋಲಿಸಿದರೆ ಶೇ 8 ಕಡಿಮೆಯಾಯಿತು. ತಾವಾಗಿ ಆರಿಸಿಕೊಂಡು ನಡೆಯುವ ವೇಗ ಶೇ 23 ಹೆಚ್ಚಾಯಿತು. ಎರಡೂ ಕಾಲು ಇರುವವರ ಮಟ್ಟಕ್ಕೆ ಬಂದರು. ಓದುವಾಗ ಮೈ ಜುಮ್ಮೆಂದಿತು.

ಅಪ್ಪನಿಗೆ ವಿಡಿಯೋ ತೋರಿಸಿದೆ. ಅಪ್ಪ ಕೇಳಿದ್ದು ಎರಡೇ. ಎಷ್ಟು ಭಾರ? ಎರಡು ಕೆಜಿ ಆಸುಪಾಸು. ಮಳೆಯಲ್ಲಿ ಹಾಕಬಹುದಾ? ಬ್ಯಾಟರಿ ಇದೆ ಅಪ್ಪ, ಕೆಸರಿಗೆ ಇಳಿಸುವ ಹಾಗಿಲ್ಲ. ಅಪ್ಪ ತಲೆ ಅಲ್ಲಾಡಿಸಿ, ಮತ್ತೊಂದು ಸಲ ವಿಡಿಯೋ ಹಾಕಿಸಿಕೊಂಡು ನೋಡಿದರು. ಸಾಕೆಟ್ಟಿನ ತುದಿಗೆ ಎರಡು ಕೆಜಿ ಅಂದರೆ ಬೀಸುವ ಕೋಲಿನ ತುದಿಗೆ ಕಲ್ಲು ಕಟ್ಟಿದ ಹಾಗೆ. ಒದೆತದಲ್ಲಿ ಗಳಿಸಿದ್ದನ್ನು ಎತ್ತುವುದರಲ್ಲಿ ಕಳೆದುಕೊಳ್ಳದ ಹಾಗೆ ಮಾಡುವುದೇ ಆ ಇಂಜಿನಿಯರುಗಳ ದೊಡ್ಡ ಕಷ್ಟ. ಹೈಡ್ರಾಲಿಕ್ ಹರಡುಗಳೂ ಬಂದಿವೆ, ಬೈಕಿನ ಶಾಕ್ ಅಬ್ಸಾರ್ಬರಿನ ಹಾಗೆ ಎಣ್ಣೆಯ ಮೇಲೆ ಆಡುತ್ತವೆ. ಏರು ಇಳಿಜಾರಿನಲ್ಲಿ ಕೆಲವು ಡಿಗ್ರಿ ತಾವೇ ಒಗ್ಗಿಕೊಳ್ಳುತ್ತವೆ. ಅಪ್ಪನಂಥವರಿಗೆ ಅದು ಇನ್ನೂ ಹತ್ತಿರದ್ದು ಅಂತ ನನ್ನ ಅಂದಾಜು, ಆದರೆ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ.

ನಮ್ಮ ದೇಶದಲ್ಲೂ ಕೆಲಸ ನಡೆಯುತ್ತಿದೆ. ಇಸ್ರೋದ ಪಾಲಿಯುರೇಥೇನ್ (ಒಂದು ಬಗೆಯ ಪ್ಲಾಸ್ಟಿಕ್) ತಂತ್ರ ಜೈಪುರ ಪಾದಕ್ಕೆ ಬಂದು, ಪಾದ ಹಗುರವಾಗುವ ದಾರಿ ತೆರೆಯಿತು. 2025ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಮತ್ತು ತೆಲಂಗಾಣದ ಬೀಬಿನಗರದ ಏಮ್ಸ್ ಸೇರಿ ಕಡಿಮೆ ಬೆಲೆಯ ಕಾರ್ಬನ್ ಪಾದವೊಂದನ್ನು ಹೊರತಂದಿವೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ 1994ರಿಂದ ಈ ಕ್ಷೇತ್ರದಲ್ಲಿದೆ, ಕೃತಕ ಕಾಲು ಮಾಡುವವರಿಗೆ ತರಬೇತಿ ಕೊಡುತ್ತದೆ. ನನಗೆ ಇವರೆಲ್ಲರಲ್ಲಿ ಇರುವ ಬೇಡಿಕೆ ಒಂದೇ. ಪರೀಕ್ಷೆ ಮಾಡುವಾಗ ಟ್ರೆಡ್‌ಮಿಲ್ ಜೊತೆಗೆ ಒಂದು ಗದ್ದೆ ಬದುವನ್ನೂ ಇಟ್ಟುಕೊಳ್ಳಿ. ಮಳೆಗಾಲದ ಬದು. ಕುಕ್ಕರಗಾಲಲ್ಲಿ ಕೂರಲು, ಹರಡು ಕಡಿಮೆಯೆಂದರೂ ನಡಿಗೆಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಮುಂದಕ್ಕೆ ಬಾಗಬೇಕು. ಹಾಗೆ ಬಾಗಿಯೂ ಹೆಜ್ಜೆಯ ಕೊನೆಯಲ್ಲಿ ಗಟ್ಟಿಯಾಗುವ, ನೀರಿಗೆ ಹೆದರದ, ಹಗುರವಾದ ಪಾದ ಬೇಕು. ಬ್ಯಾಟರಿ ಇಲ್ಲದೆ ಅದು ಆಗುತ್ತದೆ ಅಂತ ನನಗೆ ನಂಬಿಕೆ ಇದೆ. ಭಾರ ಬಿದ್ದಷ್ಟೂ ಗಟ್ಟಿಯಾಗುವ ಸ್ಪ್ರಿಂಗುಗಳನ್ನು ನಾವು ಲಾರಿಗಳಿಗೆ ಎಷ್ಟೋ ವರ್ಷದಿಂದ ಮಾಡುತ್ತಾ ಬಂದಿದ್ದೇವೆ. ಖಾಲಿ ಲಾರಿಗೆ ಮೆತ್ತಗೆ, ಲೋಡ್ ಆದಾಗ ಕೆಳಗಿನ ಪಟ್ಟಿಗಳೂ ಸೇರಿಕೊಂಡು ಗಟ್ಟಿ. ರಾತ್ರಿ ಹೊತ್ತು ಅದರ ಚಿತ್ರ ಬರೆದುಕೊಂಡು ಕೂರುತ್ತೇನೆ. ಅಪ್ಪನ ಹಳೇ ಪಾದದ ಮುಂಭಾಗದಲ್ಲಿ ಆ ಎರಡನೇ ಪಟ್ಟಿಗೆ ಎಷ್ಟು ಜಾಗ ಸಿಗುತ್ತದೆ ಅಂತ ಅಳೆದಿಟ್ಟಿದ್ದೇನೆ. 14 ಮಿಲಿಮೀಟರ್.

ಈಗ ಅಪ್ಪನ ಕೋಣೆಯ ಗೂಡಿನಲ್ಲಿ ಎರಡೂ ಕಾಲು ಪಕ್ಕ ಪಕ್ಕ ಇರುತ್ತವೆ. ಪ್ರತಿಯೊಂದಕ್ಕೂ ಅದರದೇ ಸಾಕೆಟ್. ಸಾಗರದ ಸಂತೆಗೆ, ಮದುವೆ ಮನೆಗೆ, ಬೆಂಗಳೂರಿಗೆ ಪೇಟೆ ಕಾಲು. ಉಳಿದ ದಿನವೆಲ್ಲಾ ತೋಟದ ಕಾಲು. ರಾತ್ರಿ ಮಲಗುವ ಮೊದಲು ಅಮ್ಮ ಕೇಳುತ್ತಾರೆ, “ನಾಳೆ ಯಾವುದು?” ಅಪ್ಪ ಹೇಳಿದ್ದನ್ನು ಮಂಚದ ಹತ್ತಿರ ತಂದಿಡುತ್ತಾರೆ.

ಕಳೆದ ದೀಪಾವಳಿಗೆ ಹೋದಾಗಲೂ ಹಾಗೇ. ಬೆಳಗ್ಗೆ ಐದೂವರೆ. ಜಗಲಿಯ ಮೇಲೆ ದಬ್, ಅದರ ಹಿಂದೆ ಅವಸರದ ಬಲಗಾಲು. ಮೆಟ್ಟಿಲಿಳಿಯುವ ಸದ್ದು. ಅಂಗಳ ದಾಟಿದ ಮೇಲೆ ಮಣ್ಣಿನಲ್ಲಿ ಸದ್ದು ಕೇಳುವುದಿಲ್ಲ. ನಾನು ಎದ್ದು ಕಿಟಕಿಗೆ ಬಂದೆ. ಅಪ್ಪ ಸಂಕದ ಈಚೆ ನಿಂತಿದ್ದರು. ಒಂದು ಕೈ ಪಕ್ಕದ ಅಡಿಕೆ ಮರದ ಮೇಲೆ. ಎಡಪಾದವನ್ನು ಮೊದಲು ಸಂಕದ ಮರದ ಮೇಲಿಟ್ಟು, ಸ್ವಲ್ಪ ಒತ್ತಿ, ರಬ್ಬರಿನ ಬೆರಳುಗಳು ಆ ದುಂಡಗಿನ ಮೇಲ್ಮೈಗೆ ಬಾಗಿ ಕೂತವು ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಅಡಿಕೆ ಮರದಿಂದ ಕೈ ತೆಗೆದು ಆಚೆಗೆ ನಡೆದರು.